ಮೂವತ್ನಾಲ್ಕು ಹೂವು, ಒಂದು ಬಾಕಿ

ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗುವ ನಮ್ಮ ಊರಿನಲ್ಲಿ ಮಟಮಟ ಮಧ್ಯಾಹ್ನ ಉಣ್ಣೆಯ ಟೋಪಿ, ಕುತ್ತಿಗೆವರೆಗೆ ಗುಂಡಿ ಹಾಕಿದ ಸ್ವೆಟರ್ ತೊಟ್ಟು ಟೀ ಅಂಗಡಿಗೆ ಬರುತ್ತಿದ್ದವನು ನನ್ನ ಗೆಳೆಯನೊಬ್ಬನೇ. ಹೊಸಬರು ಪಕ್ಕಕ್ಕೆ ಸರಿದು ಕೂರುತ್ತಿದ್ದರು. ಹಳಬರು ಜಾಗ ಬಿಟ್ಟು ಹತ್ತಿರ ಕೂರಿಸಿಕೊಳ್ಳುತ್ತಿದ್ದರು, ಏಕೆಂದರೆ ಅವನ ಬಟ್ಟೆಯಿಂದ ಹತ್ತು ನಿಮಿಷ ತಣ್ಣನೆಯ ಗಾಳಿ ಬರುತ್ತಿತ್ತು. ಕೋಲ್ಡ್ ಸ್ಟೋರೇಜಿನ ಯಂತ್ರ ನೋಡಿಕೊಳ್ಳುವುದು ಅವನ ಕೆಲಸ. ಒಂದನೇ ಕೋಣೆಯಲ್ಲಿ ಸೇಬು, ಎರಡನೇ ಕೋಣೆಯಲ್ಲಿ ಆಲೂಗಡ್ಡೆ, ಎರಡರ ನಡುವೆ ಇವನು. ಮೂವತ್ತೊಂದು ವರ್ಷ.

ಅವನನ್ನು ನಾವು ಕರೆಯುತ್ತಿದ್ದುದು ಡಿಗ್ರಿ ಎಂದು. ಟೀ ಲೋಟ ಹಿಡಿದ ಕೂಡಲೇ 'ಅರವತ್ತೆರಡು' ಎನ್ನುತ್ತಿದ್ದ. ಮಕ್ಕಳ ಹಣೆ ಮುಟ್ಟಿ 'ನೂರಾ ಒಂದೂವರೆ, ಡಾಕ್ಟರ ಹತ್ತಿರ ಹೋಗಿ' ಎನ್ನುತ್ತಿದ್ದ. ಡಾಕ್ಟರು ಥರ್ಮಾಮೀಟರ್ ಇಟ್ಟರೆ ಅಷ್ಟೇ ಬರುತ್ತಿತ್ತು. ನನಗೆ ಮದುವೆ ಆಗದೇ ಉಳಿದದ್ದನ್ನು ಕೂಡ ಅವನು ಉಷ್ಣತೆಯ ಲೆಕ್ಕದಲ್ಲೇ ವಿವರಿಸುತ್ತಿದ್ದ, ಆ ಮಾತು ಇಲ್ಲಿ ಬೇಡ. ಓದಿನ ವಿಷಯಕ್ಕೆ ಬಂದರೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ನಾನು ಮುಂದೆ ಹೋಗಿ ಊರಿನ ಲೈಬ್ರರಿಯಲ್ಲಿ ಕೆಲಸ ಹಿಡಿದೆ. ಅವನು ಎಂಟನೇ ತರಗತಿಯಲ್ಲಿ ಎರಡು ಸಲ ಕೂತು, ಮೂರನೇ ಸಲ ಎದ್ದು ಹೋದ. ಅವನಿಗೂ ಊಕಾರದ ದೀರ್ಘಕ್ಕೂ ಹುಟ್ಟಿನಿಂದಲೂ ಆಗಿಬರುತ್ತಿರಲಿಲ್ಲ. 'ಊಟ' ಅವನ ಕೈಯಲ್ಲಿ 'ಉಟ' ಆಗುತ್ತಿತ್ತು, 'ಪೂರಿ' ತಪ್ಪದೆ 'ಪುರಿ' ಆಗುತ್ತಿತ್ತು. ಅಕ್ಷರ ಅಷ್ಟು ಉದ್ದ ಎಳೆಯುವುದು ದಂಡ, ಹೇಗೂ ಅರ್ಥ ಆಗುತ್ತಲ್ಲ ಎಂಬುದು ಅವನ ವಾದ.

ಅಡ್ಡಹೆಸರು ನಗೆಯಾಟಕ್ಕೆ ಇಟ್ಟದ್ದು. ಅದೇ ಅವನ ಮದುವೆ ಮಾಡಿಸಿತು, ಮತ್ತು ತಪ್ಪು ನನ್ನದು.

ಒಂದು ದಿನ ಲೈಬ್ರರಿಗೆ ಒಬ್ಬ ಹಿರಿಯರು ಬಂದರು. ದೂರದ ಬೆಟ್ಟದ ಮೇಲಿನ ಚಳಿಯ ಊರಿನವರು, ಕೈಯಲ್ಲಿ ಕೊಡೆ, ಮುಖದಲ್ಲಿ ಬೆವರು. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವ ಹುಡುಗನ ಬಗ್ಗೆ ವಿಚಾರಿಸಿದರು. ನಾನು ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುತ್ತಾ ತಲೆ ಎತ್ತದೆ, "ಯಾರು, ಡಿಗ್ರಿನಾ? ಇಡೀ ಊರಿಗೆ ಅವನೊಬ್ಬನೇ" ಎಂದೆ. ಅವರ ಮುಖ ಅರಳಿತು. ನಮ್ಮ ಊರು ಓದಿನಲ್ಲಿ ಇಷ್ಟು ಹಿಂದೆ ಇದೆಯಾ ಎಂದು ಮರುಗಿದರಂತೆ ಕೂಡ. ಮೂರು ತಿಂಗಳಲ್ಲಿ ಮದುವೆ ಆಯಿತು. ಹುಡುಗಿ ಅವರ ಮಗಳು, ಶಾಲೆಯಲ್ಲಿ ಭಾಷೆ ಕಲಿಸುವ ಟೀಚರು.

ಆಕೆ, ಅಂದರೆ ನಮ್ಮ ಅತ್ತಿಗೆ, ವಿಷಯ ತಿಳಿದುಕೊಂಡದ್ದು ಮದುವೆಯಾಗಿ ಹದಿನೆಂಟನೇ ದಿನ, ಗಂಡ ಬರೆದಿಟ್ಟ ಸಾಮಾನಿನ ಚೀಟಿ ನೋಡಿ. ಆರು ಸಾಲು, ಒಂಬತ್ತು ತಪ್ಪು. ಯಾವ ಕಾಲೇಜು ಎಂದು ಕೇಳಿದರಂತೆ. ಇವನು ಎಲ್ಲ ಹೇಳಿದ, ನನ್ನ ಹೆಸರನ್ನೂ ಸೇರಿಸಿ. ನಾನು ಮೂರು ದಿನ ಆ ಬೀದಿಯಲ್ಲಿ ಹಾಯಲಿಲ್ಲ. ನಾಲ್ಕನೇ ದಿನ ಕರೆ ಬಂತು. ಹೋಗಿ ನಿಂತೆ. ಅತ್ತಿಗೆ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಪ್ರಶ್ನೆಪತ್ರಿಕೆ ಹಿಡಿದವರ ಹಾಗೆ ಕೂತಿದ್ದರು.

"ಡಿಗ್ರಿ ಇಲ್ಲ ಅಂದ್ಮೇಲೆ ನಿಮ್ಮ ಹತ್ರ ಇನ್ನೇನಿದೆ?" ಎಂದು ನನ್ನೆದುರಿಗೇ ಗಂಡನನ್ನು ಕೇಳಿದರು.

"ಸೊನ್ನೆ ಡಿಗ್ರಿ ಇದೆ" ಎಂದ ನನ್ನ ಗೆಳೆಯ. "ಯಂತ್ರ ಚೆನ್ನಾಗಿದ್ರೆ ಮೈನಸ್ ಎರಡರವರೆಗೂ ಹೋಗ್ತೀನಿ."

ಅತ್ತಿಗೆ ನಗಬಾರದೆಂದು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ನಗು ಮುಗಿದ ಮೇಲೆ ಷರತ್ತು ಹಾಕಿದರು. ತಾವು ಓದಿದ ಶಾಲೆಯ ಗೇಟಿನ ಪಕ್ಕ ಒಂದು ಚೆರಿ ಮರ ಇದೆ. ಹಣ್ಣು ಬಿಡುವ ಜಾತಿ ಅಲ್ಲ, ಬರೀ ಹೂವಿನದು. ಚಳಿ ಮುಗಿಯುತ್ತಲೇ ಒಂದೂ ಎಲೆ ಇಲ್ಲದೆ ಮೈತುಂಬ ನಸುಗೆಂಪು ಹೂವು. ಅಂಥದ್ದನ್ನು ಈ ಸುಡುಗಾಡು ಸೆಕೆಯಲ್ಲಿ ಅರಳಿಸಿ ತೋರಿಸಿದರೆ ಅದನ್ನೇ ಡಿಗ್ರಿ ಎಂದು ಒಪ್ಪುತ್ತೇನೆ. ಹೂವಿಗೊಂದು ಮಾರ್ಕ್ಸು. ಪಾಸಾಗಲು ಮೂವತ್ತೈದು.

ಗಂಡ ಹೆಂಡಿರ ಮಾತು, ಮರೆತುಹೋಗಬೇಕಿತ್ತು. ಮರೆಯಲು ಅತ್ತಿಗೆ ಬಿಡಲಿಲ್ಲ. ಮಗಳು ಹುಟ್ಟಿ ದೊಡ್ಡವಳಾಗುವವರೆಗೂ ಆ ಮನೆಯಲ್ಲಿ ಯಾವ ಜಗಳವಾದರೂ ಕೊನೆಯ ಮಾತು ಒಂದೇ: "ಮೊದ್ಲು ಡಿಗ್ರಿ ತಗೊಂಡು ಬನ್ನಿ, ಆಮೇಲೆ ಮಾತಾಡಿ." ಇವನು ಟೋಪಿ ಸರಿಮಾಡಿಕೊಂಡು ಕೆಲಸಕ್ಕೆ ಹೊರಡುತ್ತಿದ್ದ. ಅವನಿಗೆ ಅದು ತಮಾಷೆಯಾಗಿಯೇ ಇತ್ತೆಂದು ನಾನು ಬಹಳ ಕಾಲ ತಿಳಿದಿದ್ದೆ. ಹತ್ತು ವರ್ಷದ ಹಿಂದೆ ಅತ್ತಿಗೆಯ ಅಣ್ಣ ಬಂದು, ಶಾಲೆಯ ಗೇಟು ಅಗಲ ಮಾಡಲು ಆ ಮರ ಕಡಿದರು, ಬುಡದಲ್ಲಿ ಎದ್ದಿದ್ದ ಒಂದು ಮರಿಯನ್ನು ಕಿತ್ತು ತಂದಿದ್ದೇನೆ ಎಂದು ಒದ್ದೆ ಗೋಣಿ ಬಿಚ್ಚಿದಾಗ, ಡಿಗ್ರಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದ. ತಮಾಷೆ ಅಲ್ಲವೆಂದು ಆಗ ಗೊತ್ತಾಯಿತು.

ಅರ್ಧ ಕತ್ತರಿಸಿದ ಎಣ್ಣೆಯ ಡ್ರಮ್ಮಿನಲ್ಲಿ ಗಿಡ ನೆಟ್ಟ. ಅದು ಬೆಳೆಯಿತು. ಬೆಳೆಯಿತು ಎನ್ನುವುದಷ್ಟೇ ಅದರ ಮೇಲಿದ್ದ ದೂರು. ವರ್ಷಪೂರ್ತಿ ಎಲೆ, ಹೂವಿನ ಸುಳಿವಿಲ್ಲ. ಮೂರು ವರ್ಷ ಹೀಗೆ. ಮಗಳು ಆ ಮರವನ್ನು 'ನನ್ನ ತಮ್ಮ' ಎನ್ನುತ್ತಿದ್ದಳು. ತನಗಿಂತ ಅದಕ್ಕೇ ಮನೆಯಲ್ಲಿ ಮುದ್ದು ಜಾಸ್ತಿ, ಓದಿನಲ್ಲಿ ಮಾತ್ರ ಅಪ್ಪನ ಹಾಗೆ ಎಂದು.

ಕಡೆಗೆ ನಾನು ಲೈಬ್ರರಿಯಲ್ಲಿ ಹೂಮರಗಳ ಮೇಲಿನ ಒಂದು ದಪ್ಪ ಪುಸ್ತಕ ಹುಡುಕಿ ಕೊಟ್ಟೆ. ಅತ್ತಿಗೆ ಓದಿ ಹೇಳಿದರು. ಈ ಮರಕ್ಕೆ ಚಳಿಯಲ್ಲಿ ಸಾವಿರ ಗಂಟೆ ನಿದ್ದೆ ಬೇಕು. ನಿದ್ದೆ ಹೋಗುವ ಮೊದಲು ಎಲೆ ಉದುರಬೇಕು. ನಮ್ಮ ಊರಿನ ಸೆಕೆಯಲ್ಲಿ ಅದಕ್ಕೆ ನಿದ್ದೆಯೇ ಹತ್ತಿಲ್ಲ, ಮೂರು ವರ್ಷದಿಂದ ಕಣ್ಣು ಬಿಟ್ಟುಕೊಂಡು ನಿಂತಿದೆ, ಹೂವು ಎಲ್ಲಿಂದ ಬರಬೇಕು?

"ನಿದ್ದೆ ತಾನೆ" ಎಂದ ಡಿಗ್ರಿ. "ನಾನು ಮಾಡಿಸ್ತೀನಿ."

ಅಲ್ಲಿಂದ ಮುಂದೆ ವರ್ಷದ ಕೊನೆಯಲ್ಲಿ ನಮಗೊಂದು ಕೆಲಸ. ಅವನು ಮೋಟು ಸ್ಟೂಲಿನ ಮೇಲೆ, ನಾನು ನೆಲದ ಮೇಲೆ, ಇಬ್ಬರ ಕೈಯಲ್ಲೂ ಹೊಲಿಗೆಯ ಕತ್ತರಿ. ಎಲೆಯನ್ನು ಎಳೆದು ಕಿತ್ತರೆ ಬುಡದ ಮೊಗ್ಗಿಗೆ ಗಾಯವಾಗುತ್ತದೆ. ತೊಟ್ಟು ಉಳಿಸಿ ಎಲೆಯನ್ನಷ್ಟೇ ಕತ್ತರಿಸಬೇಕು, ತೊಟ್ಟು ಆಮೇಲೆ ತಾನೇ ಉದುರುತ್ತದೆ. ಒಂದೊಂದೇ ಎಲೆ. ಎದುರುಮನೆಯ ಕ್ಷೌರದವನು ಬಾಗಿಲಲ್ಲಿ ನಿಂತು, ನಮ್ಮ ಕಸಬಿಗೆ ಕೈಹಾಕಿದ್ದೀರಲ್ಲ, ಪಕ್ಕದಲ್ಲಿ ಸ್ವಲ್ಪ ಜಾಸ್ತಿ ಬಿಟ್ಟಿದ್ದೀರಿ ನೋಡಿ ಎನ್ನುತ್ತಿದ್ದ. ಬೋಳಾದ ಮರವನ್ನು ಕೈಗಾಡಿಯ ಮೇಲೆ ಹತ್ತಿಸಿ ಎರಡು ಬೀದಿ ತಳ್ಳಿಕೊಂಡು ಹೋಗುವಾಗ ಅಂಗಡಿಯವರೆಲ್ಲ ಸವಾರಿ ಎಲ್ಲಿಗೆ ಎಂದು ಕೇಳುವವರೇ. ಡಿಗ್ರಿ ಗಂಭೀರವಾಗಿ, "ತವರಿಗೆ. ನಲವತ್ತೈದು ದಿನ" ಎನ್ನುತ್ತಿದ್ದ.

ತವರೆಂದರೆ ಒಂದನೇ ಕೋಣೆ. ಹಾಸಿಗೆಯಷ್ಟು ದಪ್ಪದ ಬಾಗಿಲು, ಒಳಗೆ ಕೊಳವೆಗಳ ಮೇಲೆ ಬಿಳಿ ಹಿಮ, ಛಾವಣಿವರೆಗೆ ಸೇಬಿನ ಪೆಟ್ಟಿಗೆ. ಅಲ್ಲಿ ಒಂದು ಡಿಗ್ರಿ. ಆಲೂಗಡ್ಡೆಯ ಕೋಣೆಯಲ್ಲಿ ನಾಲ್ಕು. ಹೆಂಡತಿಯ ಊರಿನ ಮರಕ್ಕೆ ಒಳ್ಳೆಯ ಕೋಣೆಯನ್ನೇ ಕೊಡಬೇಕೆಂದು ಅವನ ಹಟ. ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು. ಬಾಗಿಲಿಗಿಂತ ಎತ್ತರ ಬೆಳೆಯುವ ಹಕ್ಕು ಮಾತ್ರ ಮರಕ್ಕಿರಲಿಲ್ಲ, ಪ್ರತಿವರ್ಷ ತುದಿ ಕತ್ತರಿಸಿಕೊಂಡೇ ಒಳಗೆ ಹೋಗಬೇಕು.

ನಲವತ್ತೈದನೇ ದಿನ ಹೊರಗೆ ತಂದರೆ ಕೊಂಬೆಯ ಮೇಲೆ ಮೊಗ್ಗು ಇರುತ್ತಿತ್ತು. ವಾರದಲ್ಲಿ ಅವು ಕಂದಾಗಿ, ಒಣಗಿ, ಅಂಗಳದಲ್ಲಿ ಮೆಣಸಿನ ಕಾಳಿನ ಹಾಗೆ ಉದುರುತ್ತಿದ್ದವು. ಅತ್ತಿಗೆ ಪೊರಕೆ ಹಿಡಿದು ಬಂದು, "ಈ ವರ್ಷವೂ ಫೇಲು" ಎನ್ನುತ್ತಿದ್ದರು. ಐದು ವರ್ಷ. ನಾಲ್ಕನೇ ವರ್ಷದ ಹೊತ್ತಿಗೆ ಆ ಮಾತನ್ನು ಅತ್ತಿಗೆ ಹೇಳುವ ದನಿ ತಗ್ಗಿತ್ತು, ಇವನು ನಗುವುದೂ ತಗ್ಗಿತ್ತು. ಒಂದು ಸಂಜೆ ನನ್ನ ಹತ್ತಿರ, "ಎಂಟನೇ ಕ್ಲಾಸು ಇನ್ನೂ ಮುಗಿದಿಲ್ಲ ಕಣೋ ನಂಗೆ" ಎಂದ. ನಾನು ಟೀ ಎಷ್ಟು ಡಿಗ್ರಿ ಇದೆ ಎಂದು ಕೇಳಿದೆ. ಹೇಳಲಿಲ್ಲ.

ಗಂಟು ಬಿಡಿಸಿದ್ದು ಒಂದು ಕಾಗುಣಿತದ ತಪ್ಪು. ಆರನೇ ವರ್ಷ ಮರವನ್ನು ಒಳಗಿಟ್ಟ ದಿನವೇ ಇವನು ಊಟದ ಡಬ್ಬಿ ಮನೆಯಲ್ಲಿ ಮರೆತಿದ್ದ. ಅತ್ತಿಗೆ ಅದನ್ನು ತೆಗೆದುಕೊಂಡು ಮೊದಲ ಬಾರಿಗೆ ಯಂತ್ರದ ಕೋಣೆಯವರೆಗೆ ಬಂದರು. ನಾನೂ ಜೊತೆಗಿದ್ದೆ. ಒಂದನೇ ಕೋಣೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ಸೇಬಿನ ಜೊತೆ ಬೇರೆ ಸರಕು ಇಡಕುಡದು.' ಅತ್ತಿಗೆ ಕರೆಯೋಲೆಯಲ್ಲೂ ತಪ್ಪು ತಿದ್ದುವ ಹೆಂಗಸು. ನಿಂತೇಬಿಟ್ಟರು.

"ಈ ಬೋರ್ಡು ಬರೆದೋರು ಯಾರು?"

"ನಾನೇ" ಎಂದ ಡಿಗ್ರಿ.

"ಕೂಡದು. ಕುಡದು ಅಲ್ಲ, ಕೂಡದು." ಚೀಲದಲ್ಲಿ ಕೆಂಪು ಪೆನ್ನು ಹುಡುಕುತ್ತಿದ್ದವರು ಹಾಗೇ ನಿಂತು ಮತ್ತೊಮ್ಮೆ ಓದಿದರು. ಯಾಕೆ ಇಡಕೂಡದು ಎಂದು ಕೇಳಿದರು.

ಇದು ಅವನ ಕಸುಬಿನ ಮೊದಲ ಪಾಠ, ಒಳ್ಳೆಯ ಹುಮ್ಮಸ್ಸಿನಿಂದ ವಿವರಿಸಿದ. ಸೇಬು ಉಸಿರು ಬಿಡುತ್ತದೆ. ಕಣ್ಣಿಗೆ ಕಾಣದ ಗಾಳಿ. ಪಕ್ಕದಲ್ಲಿ ಕ್ಯಾರೆಟ್ ಇಟ್ಟರೆ ಕಹಿಯಾಗುತ್ತದೆ, ಸೊಪ್ಪು ಇಟ್ಟರೆ ಹಳದಿಯಾಗುತ್ತದೆ. ಒಮ್ಮೆ ಹೂವಿನ ವ್ಯಾಪಾರಿಯೊಬ್ಬ ಹೇಳದೆ ಕೇಳದೆ ಎರಡು ಬುಟ್ಟಿ ಇಟ್ಟುಹೋಗಿ, ಬೆಳಿಗ್ಗೆ ನೋಡಿದರೆ ಅಷ್ಟೂ ಮೊಗ್ಗು...

ಅಲ್ಲಿಗೆ ಅವನ ಮಾತು ನಿಂತಿತು. ಮೂವರೂ ದಪ್ಪ ಬಾಗಿಲನ್ನು ನೋಡಿದೆವು.

"ಬರೆದೋರು ನೀವು. ಓದಿದೋರು ಯಾರು?" ಎಂದರು ಅತ್ತಿಗೆ.

ಇಷ್ಟು ತಿಳಿದವನು ಐದು ವರ್ಷ ಹೇಗೆ ಹಾಗೆ ಮಾಡಿದ ಎಂದು ಕೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, "ಅದು ಸರಕು ಅಂತ ನಂಗೆ ಹೊಳೀಲೇ ಇಲ್ಲ ಕಣೋ" ಎಂದ. ವ್ಯಾಪಾರಿಗಳ ಮೇಲೆ ಇದೇ ನಿಯಮಕ್ಕೆ ವರ್ಷಕ್ಕೆ ಹತ್ತು ಸಲ ರೇಗುತ್ತಿದ್ದ ಮನುಷ್ಯ. ಅತ್ತಿಗೆ ಮುಖ ಆ ಕಡೆ ತಿರುಗಿಸಿ ಪೆನ್ನು ಹುಡುಕತೊಡಗಿದರು. ಬೋರ್ಡಿಗೆ ದೀರ್ಘ ಹಾಕಿಯೇ ಹೋದರು.

ಮರ ಅಂದೇ ಆಲೂಗಡ್ಡೆಯ ಕೋಣೆಗೆ ಹೋಯಿತು. ಇವನಿಗೆ ಅದು ಅವಮಾನ. ಮಣ್ಣು ಮೆತ್ತಿದ ಮೂಟೆಗಳ ನಡುವೆ ಬೀಗರನ್ನು ಕೂರಿಸಿದ ಹಾಗಾಯಿತು ಎಂದು ನಲವತ್ತೈದು ದಿನ ಗೊಣಗಿದ. ಮತ್ತೆ, ನಾಲ್ಕು ಡಿಗ್ರಿ ಅಂದರೆ ಅದೇನು ಚಳಿಯೇ?

ಹೋದ ವರ್ಷದ ಮಾತು ಇದು. ಹೊರಗೆ ತಂದ ಹತ್ತನೇ ದಿನ ಮೊದಲ ಹೂವು ಅರಳಿತು. ಅಂಗೈಯ ಒಳಭಾಗದ ಬಣ್ಣ, ಐದೈದು ಎಸಳು. ಆಮೇಲೆ ದಿನಕ್ಕೆ ನಾಲ್ಕೈದು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿಬಂದು ನೋಡಿದ. ಭಾನುವಾರ ಬೆಳಿಗ್ಗೆ ಮೌಲ್ಯಮಾಪನ ಎಂದು ಅತ್ತಿಗೆ ಪ್ರಕಟಿಸಿದರು. ನಾನು ಸಾಕ್ಷಿ. ಅತ್ತಿಗೆ ಒಂದೊಂದು ಕೊಂಬೆಯನ್ನೂ ಬೆರಳಿಂದ ತೋರಿಸುತ್ತಾ ಎಣಿಸಿದರು. ಮೂವತ್ನಾಲ್ಕು.

ಮತ್ತೊಮ್ಮೆ ಎಣಿಸಿದರು. ಮೂವತ್ನಾಲ್ಕೇ.

ನಾನು ಗ್ರೇಸ್ ಮಾರ್ಕ್ಸು ಕೊಡುವ ಪದ್ಧತಿ ಇದೆಯಲ್ಲ ಎಂದೆ. ತಮ್ಮ ಶಾಲೆಯಲ್ಲಿ ಇಲ್ಲ ಎಂದರು. ನನ್ನ ಗೆಳೆಯ ವಾದಿಸುತ್ತಾನೆ ಎಂದುಕೊಂಡಿದ್ದೆ, ಜಗತ್ತಿನಲ್ಲಿ ಒಂದು ಡಿಗ್ರಿಯ ವ್ಯತ್ಯಾಸಕ್ಕೆ ಪ್ರಾಣ ಬಿಡುವ ಮನುಷ್ಯ. ಅವನು ಮರದ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಒಂದು ರೆಂಬೆಯ ಹತ್ತಿರ ಬಗ್ಗಿ ನೋಡಿ, "ಆಯ್ತು ಟೀಚರ್. ಮುಂದಿನ ವರ್ಷ ಕೂರ್ತೀನಿ" ಎಂದು ಕೈಮುಗಿದ. ಅಷ್ಟು ಸಂತೋಷವಾಗಿ ಫೇಲಾದವನನ್ನು ನಾನು ಕಂಡಿಲ್ಲ.

ಈ ವರ್ಷ ಮತ್ತೆ ಎಲೆ ಕತ್ತರಿಸಿದೆವು, ಗಾಡಿ ತಳ್ಳಿದೆವು. ಇಪ್ಪತ್ತೇಳನೆಯ ಗೀಟು ಎಳೆದು ಬಂದ ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಕೂತವನು ಏಳಲಿಲ್ಲ. ಅತ್ತಿಗೆ ಹೇಳಿಕಳಿಸಿದಾಗ ನಾನು ಲೈಬ್ರರಿಯ ಬೀಗ ತೆಗೆಯುತ್ತಿದ್ದೆ. ಹೋಗಿ ಹಣೆ ಮುಟ್ಟಿದೆ. ಎಷ್ಟು ಡಿಗ್ರಿ ಎಂದು ಹೇಳಲು ನನಗೆ ಬರುವುದಿಲ್ಲ. ಅದು ಅವನಿಗೆ ಮಾತ್ರ ಗೊತ್ತಾಗುತ್ತಿತ್ತು.

ಮಗಳು ಬಂದು, ಅಮ್ಮನನ್ನು ಕರೆದುಕೊಂಡು ಹೋಗಲು ನೋಡಿ, ಆಗದೆ ಹಿಂದಿರುಗಿದಳು. ಅದಾದ ನಾಲ್ಕು ದಿನಕ್ಕೆ ಅತ್ತಿಗೆ ಲೈಬ್ರರಿಗೆ ಬಂದರು. ಕೈಯಲ್ಲಿ ಹೂಮರಗಳ ದಪ್ಪ ಪುಸ್ತಕ. ಏಳು ವರ್ಷ ಹಿಂದಿರುಗಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

"ತಗೊಳ್ಳಿ ಲೈಬ್ರರಿಯವ್ರೇ. ಒಳಗೆ ಒಂದು ಇದೆ, ನೋಡಿ."

ಚೆರಿ ಮರದ ಪುಟದಲ್ಲಿ ಒಣಗಿದ ಒಂದು ಹೂವು ಅಂಟಿಕೊಂಡಿತ್ತು. ಬಣ್ಣ ಹೋಗಿತ್ತು, ಐದು ಎಸಳೂ ಇದ್ದವು.

ಮೌಲ್ಯಮಾಪನದ ಭಾನುವಾರ ಬೆಳಿಗ್ಗೆ ಅವನು ಏಳುವ ಮೊದಲು ತಾವೇ ಕಿತ್ತದ್ದು ಎಂದರು. ಮೂವತ್ತೈದು ಆಗಿಬಿಟ್ಟಿತ್ತು. ಪಾಸಾದರೆ ಮುಂದಿನ ವರ್ಷ ಅಷ್ಟು ಆಸೆಯಿಂದ ಕತ್ತರಿ ಹಿಡಿಯುತ್ತಾರೋ ಇಲ್ಲವೋ ಎಂದು ಭಯವಾಯಿತಂತೆ. ಪ್ರತಿದಿನ ಕೋಲ್ಡ್ ಸ್ಟೋರೇಜಿನಿಂದ ಬಂದು 'ಟೀಚರ್, ಇವತ್ತು ಇಪ್ಪತ್ತನೇ ಗೀಟು' ಎಂದು ಬಾಗಿಲಲ್ಲೇ ವರದಿ ಒಪ್ಪಿಸುತ್ತಿದ್ದರಲ್ಲ, ಅದು ನಿಂತುಹೋಗಬಾರದು ಎಂದು. "ಮಕ್ಕಳ ಒಂದು ಮಾರ್ಕ್ಸ್ ನಾನು ಯಾವತ್ತೂ ಮುಟ್ಟಿಲ್ಲ. ಇವರದ್ದು ಕದ್ದೆ. ತಿಳೀದೇನೇ ಹೋದ್ರು" ಎಂದರು.

ನಾನು ಪುಸ್ತಕವನ್ನು ಜಮಾ ಮಾಡಿಕೊಳ್ಳಲಿಲ್ಲ. ನಲವತ್ತೈದನೇ ದಿನ ಗಾಡಿ ತರುತ್ತೇನೆ ಎಂದಷ್ಟೇ ಹೇಳಿದೆ.

ಆ ದಿನ ಇಬ್ಬರೂ ಹೋದೆವು. ಯಂತ್ರದ ಕೋಣೆಯಲ್ಲಿ ಹೊಸ ಆಪರೇಟರ್ ಇದ್ದ, ಟೋಪಿ ಇಲ್ಲದೆ ಸೀನುತ್ತಾ. ಡ್ರಮ್ಮಿನ ಮೇಲೆ ಇಪ್ಪತ್ತೇಳು ಗೀಟು ಒಂದು ಕೈಯವು, ಆಮೇಲಿನವು ಇನ್ನೊಂದು ಕೈಯವು, ಸ್ವಲ್ಪ ಸೊಟ್ಟ. ಯಾಕೆ ಎಂದು ತಿಳಿಯದೆಯೇ ಮುಂದುವರಿಸಿದ್ದೇನೆ ಎಂದ. ಅವನಿಗೆ ಇನ್ನೂ ಒಂದು ಅನುಮಾನವಿತ್ತು. ಉಷ್ಣತೆ ಬರೆದಿಡುವ ಪುಸ್ತಕ ತಂದು ತೋರಿಸಿದ. ಒಂದನೇ ಕೋಣೆ, ಎರಡನೇ ಕೋಣೆ ಸರಿ. ಪಕ್ಕದಲ್ಲಿ 'ಮನೆ' ಎಂದು ಮೂರನೆಯ ಕಾಲಂ ಇದೆಯಲ್ಲ, ಅದನ್ನು ನಾನು ತುಂಬಬೇಕಾ?

ಅತ್ತಿಗೆ ಪುಸ್ತಕ ತೆಗೆದುಕೊಂಡು ನಿಂತಲ್ಲೇ ಹಾಳೆ ತಿರುವಿದರು. ಮನೆಯ ಕಾಲಂನಲ್ಲಿ ಏನೇನೋ ಇತ್ತು. 'ಮಗಳಿಗೆ 101.' 'ಟೀಚರ್ ಕೋಪ, 80 ಇರಬಹುದು.' 'ಮೊಗ್ಗು ಉದುರಿತು.' ಹೋದ ವರ್ಷದ ಆ ಭಾನುವಾರದ ಪುಟಕ್ಕೆ ಬಂದಾಗ ಅವರ ಬೆರಳು ನಿಂತಿತು. ನಾನು ಭುಜದ ಮೇಲಿಂದ ಓದಿದೆ.

'ನಿನ್ನೆ ಸಂಜೆ ಹುವು 35. ಇವತ್ತು 34. ಎಡಗಡೆ ರೆಂಬೆ, ಕಿತ್ತ ಜಾಗ ಹಸಿ. ಟೀಚರ್ ಕೆಲಸ. ಹೇಳಕುಡದು.'

ಅತ್ತಿಗೆ ಆ ಸಾಲನ್ನು ಮತ್ತೊಮ್ಮೆ ಓದಿದರು. ಯಂತ್ರ ಒಂದು ಸಲ ನಿಂತು ಮತ್ತೆ ಶುರುವಾಯಿತು. ಆಮೇಲೆ ಚೀಲದಿಂದ ಕೆಂಪು ಪೆನ್ನು ತೆಗೆದರು. 'ಹುವು' ಎಂಬಲ್ಲಿ ಹಕಾರದ ಕೊಂಬಿಗೆ ದೀರ್ಘ ಎಳೆದರು. 'ಹೇಳಕುಡದು' ಎಂಬಲ್ಲಿ ಒಂದು ದೀರ್ಘ. ಎರಡನೆಯದು ಅಗತ್ಯಕ್ಕಿಂತ ಉದ್ದವಾಯಿತು.

"ಈಗಲಾದ್ರೂ ಪಾಸ್ ಮಾಡಿ ಅತ್ತಿಗೆ. ಮೂವತ್ತೈದು ಅಂತ ಬರೆದೇ ಇದೆಯಲ್ಲ" ಎಂದೆ.

"ಎರಡು ತಪ್ಪು ಇದೆ" ಎಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಪೆನ್ನಿಗೆ ಮುಚ್ಚಳ ಹಾಕಿದರು. "ತಪ್ಪಿಗೆ ಅರ್ಧರ್ಧ ಕಳೆದ್ರೆ ಮತ್ತೆ ಮೂವತ್ನಾಲ್ಕೇ."

ಬಾಗಿಲು ಇಷ್ಟು ಹೊತ್ತು ತೆರೆದಿಟ್ಟರೆ ತಂಪೆಲ್ಲ ಹೋಗುತ್ತದೆ ಎಂದು ಆಪರೇಟರ್ ಹಿಂದಿನಿಂದ ನೆನಪಿಸಿದ. ನಾವು ಡ್ರಮ್ಮನ್ನು ವಾಲಿಸಿ ಗಾಡಿಗೆ ಹತ್ತಿಸಿದೆವು. ಬೋಳು ಕೊಂಬೆಗಳ ತುಂಬ ಮೊಗ್ಗು ಇತ್ತು, ಎಣಿಸಲು ಹೋಗಲಿಲ್ಲ. ಮುಂದಿನ ವರ್ಷ ಎಲೆ ಕತ್ತರಿಸುವಾಗ ಸ್ಟೂಲಿನ ಮೇಲೆ ತಾವು ಕೂರುವುದಾಗಿಯೂ, ನನ್ನ ಜಾಗ ನೆಲವೇ ಎಂದೂ ಅತ್ತಿಗೆ ಹೇಳಿದರು. ಗಾಡಿ ಬಿಸಿಲಿಗೆ ಬಂತು. ಟೀ ಅಂಗಡಿಯವನು ಸವಾರಿ ಎಲ್ಲಿಂದ ಎಂದು ಕೇಳಿದ.

"ತವರಿಂದ" ಎಂದರು ಅತ್ತಿಗೆ.